ಎಡಗಿವಿಗೊಂದು ಕುರ್ರ್

ಗಾಡಿ ಬಂತು, ಬಲಗಡೆಯಿಂದಲೇ ಬಂತು — ಅಲ್ಲ, ಹಳಿ ಇರುವುದು ಎಡಗೋಡೆಯಾಚೆ, ಕುರ್ಲಾದ ಈ ಚಾಳಿಗೆ ಮದುವೆಯಾಗಿ ಬಂದಾಗಿನಿಂದ ಸುಂದ್ರವ್ವನ ಪಾಲಿಗೆ ಲೋಕಲ್ಲು, ನಳದ ಮುಂದಿನ ಜಗಳ, ಗಂಡ ಅಣವೀರಪ್ಪನ ಕೂಗು, ಎಲ್ಲವೂ ಬಲಗಡೆಯಿಂದಲೇ, ಎಡಗಿವಿ ಹುಟ್ಟುತ್ತಲೇ ಸತ್ತಿದೆ, ಅವ್ವನದೂ ಹಾಗೇ ಇತ್ತು, ಈಗ ತೊಟ್ಟಿಲಲ್ಲಿ ಕಣ್ಣರಳಿಸಿ ಮಲಗಿರುವ ಈ ಹಸುಗೂಸಿನದು? ಇರಲಿ ಶಿವನೇ, ಎರಡೂ ಇರಲಿ, ಈ ಊರಲ್ಲಿ ಒಂದು ಸಾಲದು — ಹೋದ ವರ್ಷ ರೈಲ್ವೆ ಮುಷ್ಕರ ಮುಗಿದು ಗಾಡಿಗಳು ಮತ್ತೆ ಓಡತೊಡಗಿದ್ದವು, ಹಳಿ ದಾಟುವಾಗ ಸೀಟಿ ಜೋರಾಗಿಯೇ ಕೇಳಿತ್ತು, ಅವಳು ಬಲಕ್ಕೆ ನೋಡುತ್ತ ನಿಂತಳು, ಗಾಡಿ ಎಡದಿಂದ ಬರುತ್ತಿತ್ತು, ಅಣವೀರಪ್ಪ ರಟ್ಟೆ ಹಿಡಿದು ಎಳೆದ, ಕಣ್ಣ ಎಲ್ಲಿಟ್ಟೀ, ಸಾಯ್ತಿದ್ದೆಲ್ಲೇ, ಬೈಯುತ್ತಲೇ ಅತ್ತುಬಿಟ್ಟ, ಪಾಪ, ಅಷ್ಟು ದೊಡ್ಡ ಗಂಡಸು.

ತೊಟ್ಟಿಲ ಸುತ್ತ ಹೆಂಗಸರು, ಕುದಿಸಿದ ಗುಗ್ಗರಿಯ ವಾಸನೆ, ತಲೆದಿಂಬಿನ ಕಡೆ ಅಣವೀರಪ್ಪನ ಅಕ್ಕ ದೇವಕ್ಕ ಸೆರಗು ಸಿಕ್ಕಿಸಿ ನಿಂತಿದ್ದಾಳೆ, ಹೆಸರಿಡುವ ಸೋದರತ್ತೆ, ಅವಳ ಗತ್ತೇ ಗತ್ತು, ಈಕಿಗೆ ಬೈಬೇಕಂದ್ರ ಎಡಕ್ಕ ಕುಂದರಬೇಕ ನೋಡ್ರಿ, ಒಂದೂ ಕೇಳಂಗಿಲ್ಲ, ಎಲ್ಲರೂ ನಕ್ಕರು, ಸುಂದ್ರವ್ವನೂ ನಕ್ಕಳು, ಆದರೆ ಬಾಗಿಲ ಹತ್ತಿರವೇ ಕೂತಳು, ಕೂಸಿನ ಕಿವಿ ಪರೀಕ್ಷೆ ಮಾಡುವಾಗ ಹತ್ತಿರ ಹೋಗಬೇಡ ಎಂದಿದ್ದರು ಆಸ್ಪತ್ರೆಯ ರಮಾನಾಥ ಡಾಕ್ಟರು, ಉಡುಪಿ ಕಡೆಯವರು, ನಿನ್ನ ಹಾಲಿನ ವಾಸನೆಗೂ ಮಗು ತಿರುಗ್ತದೆ ಮಾರಾಯ್ತಿ, ಬೇರೆಯವರು ಶಬ್ದ ಮಾಡಲಿ, ತಲೆಯ ಹಿಂದಿನಿಂದ, ಶಬ್ದ ಬಂದ ಕಡೆಗೆ ತಿರುಗ್ತದಾ ಅಂತ ನೀನು ಸುಮ್ಮನೆ ನೋಡು. ಎಷ್ಟು ಚೆಂದ ಹೇಳಿದ್ದರು! ಎಡಗಡೆ ಶಬ್ದ ಆದರೆ ಎಡಗಿವಿಗೆ ಮೊದಲು ಮುಟ್ಟುತ್ತದೆ, ಜೋರಾಗಿ, ಬಲಗಿವಿಗೆ ಕೂದಲೆಳೆಯಷ್ಟು ತಡ, ಕೊಂಚ ಮೆಲ್ಲಗೆ, ಎರಡೂ ಸುದ್ದಿ ಮಿದುಳಿನ ಬುಡದಲ್ಲಿ, ಕುತ್ತಿಗೆಯ ಮೇಲೆ ಕಾಂಡದ ಹಾಗೆ ಇದೆಯಲ್ಲ, ಅಲ್ಲಿ ಕೂಡ್ತವೆ, ಯಾವುದು ಮೊದಲು ಬಂತು, ಯಾವುದು ಜೋರು, ಅಲ್ಲೇ ತೀರ್ಮಾನ, ಮಗು ಯೋಚನೆ ಮಾಡುವುದೇ ಬೇಡ. ಅಬ್ಬಾ, ಚಾಳಿನಲ್ಲಿ ಜಗಳವಾದರೆ ಇಬ್ಬರು ಸುದ್ದಿ ತರುತ್ತಾರೆ, ಯಾರು ಮೊದಲು ಓಡಿಬಂದರು ಎಂದು ನೋಡಿಯೇ ದೇವಕ್ಕ ಜಗಳ ಯಾವ ತುದಿಯದು ಎಂದು ಹೇಳಿಬಿಡುತ್ತಾಳೆ, ಅಂಥ ಒಬ್ಬ ದೇವಕ್ಕ ಪ್ರತಿಯೊಬ್ಬರ ತಲೆಬುಡದಲ್ಲೂ ಕೂತಿದ್ದಾಳೆ, ರೆಪ್ಪೆ ಬಡಿಯುವುದಕ್ಕೂ ಪುರುಸೊತ್ತಿಲ್ಲದೆ ತೂಗುತ್ತಾಳೆ, ತನ್ನ ತಲೆಯೊಳಗಿನ ದೇವಕ್ಕನ ಬಳಿಗೆ ಮಾತ್ರ ಒಬ್ಬಳೇ ಓಡಿಬರುತ್ತಾಳೆ, ಬಲಗಡೆಯವಳು, ಪಾಪ ಅವಳಾದರೂ ಏನು ತೂಗಿಯಾಳು.

ಹೆಸರಿಗೆ ಮುಂಚೆ ಕಿವಿಯಲ್ಲಿ ಕೂಗುವಂತೆ ಕುರ್ರ್ ಎಂದಳು ದೇವಕ್ಕ, ಕೂಸಿನ ಬಲಗಿವಿಗೆ, ಆಮೇಲೆ ಹೆಸರು, ಗುರುಬಾಯಿ, ಗುರುಬಾಯಿ, ಪದ್ಧತಿಯಂತೆ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದಿದರು, ಕೂಸು ಬಲಕ್ಕೆ ತಿರುಗಿತು, ಕೇಳತೈತವ್ವಾ ಕೂಸಿಗೆ, ಎಂದರು ಎಲ್ಲರೂ, ಸುಂದ್ರವ್ವ ಮಾತ್ರ ಕೂತಲ್ಲೇ ಮುಂದಕ್ಕೆ ಬಾಗಿದಳು, ಬಲಕ್ಕೆ ನಾನೂ ತಿರುಗುತ್ತೇನಲ್ಲ, ಒಂದೇ ಕಿವಿ ಇದ್ದರೆ ಯಾವಾಗಲೂ ಆ ಕಡೆಗೇ, ಅಕ್ಕಾ, ಎಡಗಿವ್ಯಾಗೂ ಒಮ್ಮೆ ಹೇಳ್ರಿ. ಹುಚ್ಚಿ ಏನ ನೀ, ಹೆಸರ ಬಲಗಿವಿಗೇ ಹೇಳೂದು, ಎಡಕ್ಕ ಯಾರರೆ ಹೇಳ್ತಾರೇನ? ಕೈಯೊಳಗೆ ಗುಗ್ಗರಿ ಹಿಡಿದವರೆಲ್ಲ ಅವಳನ್ನೇ ನೋಡಿದರು, ನಾಚಿಕೆಯಾಯಿತು, ಆಗಲಿ, ಅಕ್ಕಾ ನಿಮ್ಮ ಕಾಲ ಬೀಳ್ತೀನಿ, ನನ್ನಂಗ ಆಗೇತೇನೋ ಅಂತ ಜೀವ ಹೊಡಕೊಳ್ಳಾಕತ್ತೈತಿ. ದೇವಕ್ಕನ ಮುಖದ ಗತ್ತು ಇಳಿಯಿತು, ಹೆಸರ ಬ್ಯಾಡ ತಂಗೀ, ಹೆಸರ ಅಲ್ಲಿ ಹೇಳಬಾರದು, ಬರೇ ಕುರ್ರ್ ಅಂತೀನಿ, ಅದಕ್ಕೇನ ಶಾಸ್ತ್ರ ಇಲ್ಲ, ಎಲ್ಲಾರೂ ಬಾಯಿ ಮುಚ್ಚರಿ — ಎಂಥ ಹೆಂಗಸು ಇವಳು, ಬೈದರೆ ಬೈಯಲಿ ಇನ್ನು ಜೀವಮಾನವಿಡೀ. ಕೂಸಿನ ತಲೆಯನ್ನು ನೆಟ್ಟಗೆ ಮಾಡಿ ಎಡಕ್ಕೆ ಬಾಗಿದಳು, ಕುರ್ರ್ರ್, ಅಷ್ಟರಲ್ಲಿ ಹಾಳಾದ ಗಾಡಿ, ಗೋಡೆ ನಡುಗಿತು, ಕೂಸು ಎಲ್ಲಿಯೂ ತಿರುಗಲಿಲ್ಲ, ಹೋಗಲಿ, ಗಾಡಿ ಹೋಗಲಿ, ಹೋಯಿತು, ಮತ್ತೆ ಕುರ್ರ್ರ್ರ್, ಉಸಿರು ಮುಗಿಯುವವರೆಗೂ, ಕೂಸು ಕಣ್ಣು ಪಿಳಿಪಿಳಿ, ಏನಿಲ್ಲ, ಎಳೆಯದು, ತಡ ಮಾಡುತ್ತದೆ, ಕಾಯಬೇಕು ಎಂದಿದ್ದರು ಡಾಕ್ಟರು, ಏನಿಲ್ಲ, ಏನಿಲ್ಲ — ಗದ್ದ ಅಲುಗಿತು, ಮೂಗು ಹೊರಳಿತು, ಯಾರೂ ಕಲಿಸಿದ್ದಲ್ಲ, ಎರಡು ಸುದ್ದಿಯೂ ಬಂದಿವೆ, ಇಬ್ಬರೂ ಓಡಿಬಂದಿದ್ದಾರೆ, ಎಡಗಡೆಯವಳು ಮೊದಲು, ಎಡಗೆನ್ನೆ ಬಟ್ಟೆಗೆ ತಾಗಿತು, ದೇವಕ್ಕ ಏನೋ ಕೂಗುತ್ತಿದ್ದಾಳೆ, ಅವಳ ಬೆನ್ನಿಗೆ ಮತ್ತೆ ಗುದ್ದು, ಸುಂದ್ರವ್ವನಿಗೆ ಯಾವುದೂ ಕೇಳಿಸದು, ಎಡಗೆನ್ನೆ ಬಟ್ಟೆಗೆ, ಪುಟ್ಟ ಎಡಗೆನ್ನೆ, ಬಟ್ಟೆಗೆ —