ಮಳೆ ಕೂಡಿಸುತ್ತಿದ್ದೆ ನಾನು

ನಾನು ಒಂದು ಶೆಲ್ ಸ್ಕ್ರಿಪ್ಟ್. ಹೆಸರು ಕೇಳಿ ಗಾಬರಿಯಾಗಬೇಡಿ. ಕಂಪ್ಯೂಟರು ಒಂದಾದ ಮೇಲೊಂದು ಏನೇನು ಮಾಡಬೇಕೆಂದು ಬರೆದಿಟ್ಟ ಕೆಲವು ಸಾಲುಗಳ ಕಡತ, ಅಷ್ಟೇ. ನನಗೆ ಕಣ್ಣಿಲ್ಲ, ಕಾಲಿಲ್ಲ. ಹೊರಗಿನ ಸುದ್ದಿಯೆಲ್ಲ ತಿಳಿದದ್ದು ನನ್ನ ಮುಂದೆ ಕೂತವರ ಮಾತಿನಿಂದ.

ನಾನು ಹುಟ್ಟಿದ್ದು ಕರಿಹಳ್ಳ ಜಲಾಶಯದ ಕಚೇರಿಯಲ್ಲಿ, ಒಂದು ಚಹಾ ಕುಡಿಯುವ ಹೊತ್ತಿನಲ್ಲಿ. ಹೆತ್ತವಳು ಕಿರಿಯ ಇಂಜಿನಿಯರ್ ನೀಲಾಂಬಿಕಾ ಹಂಚಿನಮನಿ. ಅವಳು ಓದಿದ್ದು ಸಿಮೆಂಟು, ಕಬ್ಬಿಣ, ಕಾಲುವೆಯ ವಿದ್ಯೆ. ಕಂಪ್ಯೂಟರಿನ ಒಳಗುಟ್ಟನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಆದರೆ ಯಾವುದನ್ನು ಕಂಡರೂ ಬಿಚ್ಚಿ ನೋಡುವ ಸ್ವಭಾವ. ಜಲಾಶಯದ ಮೇಲ್ಭಾಗದಲ್ಲಿ ಏಳು ಊರುಗಳಲ್ಲಿ ಮಳೆಮಾಪಕಗಳಿದ್ದವು. ದಿನಾ ಮುಂಜಾನೆ ಅವುಗಳನ್ನು ನೋಡಿಕೊಳ್ಳುವವರು ಊರಿನ ಹೆಸರು, ಅದರ ಮುಂದೆ ಬಿದ್ದ ಮಳೆಯ ಮಿಲಿಮೀಟರು, ಇಷ್ಟನ್ನು ಮೊಬೈಲಿನಲ್ಲಿ ಕಳಿಸುತ್ತಿದ್ದರು. ಅದು ತಾನಾಗಿಯೇ ಕಚೇರಿಯ ಕಂಪ್ಯೂಟರಿಗೆ ಬಂದು ಊರಿಗೊಂದು ಕಡತವಾಗಿ ಕೂರುತ್ತಿತ್ತು.

ಗುಡ್ಡದ ಮೇಲೆ ಬಿದ್ದ ಮಳೆಯಲ್ಲಿ ಎಷ್ಟು ಪಾಲು ಕೆಳಗೆ ಬಂದು ಸೇರುತ್ತದೆ? ಈ ಪ್ರಶ್ನೆ ನೀಲಾಂಬಿಕಾಳ ತಲೆ ಹೊಕ್ಕಿತ್ತು. ದಿನಾ ಏಳು ಕಡತ ತೆರೆದು ಕ್ಯಾಲ್ಕುಲೇಟರ್ ಒತ್ತಿ ಬೇಸತ್ತು ನನ್ನನ್ನು ಬರೆದಳು. ಎಲ್ಲ ಕಡತ ತೆಗೆ, ಪ್ರತಿ ಸಾಲಿನ ಎರಡನೆಯ ಪದವನ್ನು ಕೂಡಿಸುತ್ತ ಹೋಗು, ಕಡೆಗೆ ಮೊತ್ತ ಹೇಳು. ನನಗೆ ಕೊಟ್ಟ ಬುದ್ಧಿ ಇಷ್ಟೇ. ಮೊದಲ ಸಲ ಓಡಿಸಿ, ಬಂದ ಮೊತ್ತವನ್ನು ಕೈಯಲ್ಲಿ ಕೂಡಿಸಿ ತಾಳೆ ನೋಡಿ, ಕುರ್ಚಿಯಲ್ಲಿ ಒಂದು ಸುತ್ತು ತಿರುಗಿದಳು.

ಅವಳ ಮೇಲಧಿಕಾರಿ ಕುಬೇರಪ್ಪ ಮಾಳಗಿಯವರು ಮೊದಮೊದಲು ನನ್ನನ್ನು ಅನುಮಾನದಿಂದ ನೋಡಿದರು. ಆಮೇಲೆ ನನ್ನನ್ನೇ ನೆಚ್ಚಿದರು. ಮೊತ್ತ ಇನ್ನೂರು ದಾಟಿದರೆ ಸೈರನ್ ಕೂಗಿಸಿ, ಹಳ್ಳದ ಪಾತ್ರದಲ್ಲಿರುವವರನ್ನು ಎಬ್ಬಿಸಿ, ಆಮೇಲೆ ಗೇಟು ಎತ್ತಬೇಕೆಂಬ ನಿಯಮ ಮಾಡಿದರು. ಹೀಗೆ, ಕುತೂಹಲಕ್ಕೆಂದು ಹುಟ್ಟಿದ ನಾನು ಜವಾಬ್ದಾರಿಯವನಾದೆ.

ಆ ವರ್ಷ ಮಳೆಗಾಲದ ನಡುವೆ ಕೆಂಚನಗುಡ್ಡದ ಮಾಪಕದ ಕೆಲಸ ರುದ್ರಮುನಿ ಮಾಸ್ತರರ ಕೈಗೆ ಬಂತು. ನಿವೃತ್ತ ಕನ್ನಡ ಶಿಕ್ಷಕರು, ಒಂದು ದಿನವೂ ತಪ್ಪಿಸದೆ ಮಳೆ ಅಳೆದು ಕಳಿಸುವವರು. ಅವರ ಕಡತ ಬರುತ್ತಿತ್ತು, ನಾನು ತೆರೆಯುತ್ತಿದ್ದೆ, ಎರಡನೆಯ ಪದದ ಬಳಿ ಹೋಗುತ್ತಿದ್ದೆ. ಅಲ್ಲಿರುವುದು ನನಗೆ ಅಂಕಿಯಾಗಿ ಕಾಣುತ್ತಿರಲಿಲ್ಲ. ಅಂಕಿಯಲ್ಲದ್ದು ಸಿಕ್ಕರೆ ಸೊನ್ನೆ ಎಂದುಕೊಂಡು ಮುಂದೆ ಹೋಗುವುದು ನನ್ನ ಜಾತಿಯವರ ಪದ್ಧತಿ. ಹಾಗೇ ಮುಂದೆ ಹೋದೆ.

ಒಂದು ಮುಂಜಾನೆ ನಾನು ನೂರಾ ಮೂವತ್ತೊಂದು ಎಂದೆ.

"ಇನ್ನೂರ ದಾಟಿಲ್ಲಲ್ಲ. ಇವತ್ತ ಸೈರನ್ ಬ್ಯಾಡ," ಎಂದರು ಕುಬೇರಪ್ಪನವರು.

ನೀಲಾಂಬಿಕಾ ತಲೆಯಾಡಿಸಿ ಕಟ್ಟೆಯ ಮೇಲೆ ಒಂದು ಸುತ್ತು ಹೋಗಿಬರಲು ಎದ್ದಳು. ಮರಳಿ ಬಂದಾಗ ಅವಳ ಕೈಯಲ್ಲಿ ತೊಯ್ದ ಒಂದು ಬಿದಿರಿನ ಎಲೆ.

"ಸರ್, ಒಳಗ ಬರೋ ನೀರು ಕೆಂಪಗಾಗೇತಿ. ಮ್ಯಾಲ ಇಂಥಾ ಎಲಿ ರಾಶಿ ರಾಶಿ ತೇಲಾಕತ್ತಾವ. ಬಿದಿರು ಬೆಳೆಯೋದು ಕೆಂಚನಗುಡ್ಡದಾಗ ಒಂದ ಕಡೆ. ಮೊತ್ತ ಇಷ್ಟ ಕಡಿಮಿ ಐತಿ ಅಂದ್ರ ಈ ಎಲಿ ಹೆಂಗ ಬಂತು?"

"ಗಾಳಿಗೆ ಬಿದ್ದಿರಬೇಕು ಬಿಡ್ರಿ."

ಅವಳು ಬಿಡಲಿಲ್ಲ. ನನ್ನ ಮುಂದೆ ಕೂತು ಕೆಂಚನಗುಡ್ಡ ಬಿಟ್ಟು ಉಳಿದ ಆರು ಊರುಗಳ ಅಂಕಿಗಳನ್ನು ಬೆರಳೆಣಿಸಿ ಕೂಡಿಸಿದಳು. ನೂರಾ ಮೂವತ್ತೊಂದು. ಏಳು ಊರಿನದೂ ಅಷ್ಟೇ, ಆರು ಊರಿನದೂ ಅಷ್ಟೇ. ಅವಳು ತಕ್ಷಣ ಫೋನ್ ಹಚ್ಚಿದಳು.

"ಮಾಸ್ತರ, ನಿಮ್ಮಲ್ಲೆ ಮಳಿ ಎಷ್ಟ್ರಿ ಇವತ್ತ?"

"ಎಂಬತ್ತಾರು, ತಂಗಿ! ನಿನ್ನೆ ಐವತ್ತೆರಡು. ದಿನಾ ಕಳಸಾಕತ್ತೀನಲ್ಲವಾ, ಮುಟ್ಟಿಲ್ಲೇನು?"

ಅವಳು ಕಡತ ತೆರೆದಳು. 'ಕೆಂಚನಗುಡ್ಡ ೮೬.' ಮಾಸ್ತರರು ಅಚ್ಚ ಕನ್ನಡದ ಅಂಕಿಯಲ್ಲಿ ಬರೆದಿದ್ದರು. ನನಗೆ ಇಂಗ್ಲಿಷ್ ಅಂಕಿಯೊಂದೇ ಗೊತ್ತು.

"ಸರ್, ಇನ್ನೂರ ಹದಿನೇಳು!" ಎಂದು ಕೂಗುತ್ತ ಅವಳು ಓಡಿದ್ದು ಕೇಳಿಸಿತು. ಮರುಗಳಿಗೆ ಗೋಡೆಗಳೆಲ್ಲ ನಡುಗುವಂತೆ ಸೈರನ್ ಕೂಗಿತು.

ಕೆಳಗೆ ಹಳ್ಳದ ನಡುಗಡ್ಡೆಯಲ್ಲಿ ಕುರಿಗಾರರ ಬಿಡಾರವಿತ್ತು. ಹೆಂಗಸರು ರೊಟ್ಟಿ ಸುಡುತ್ತಿದ್ದರಂತೆ. ಕೂಸುಗಳನ್ನು ಕಂಕುಳಿಗೆ ಹಾಕಿಕೊಂಡು, ಕುರಿಗಳನ್ನು ಹೊಡೆದುಕೊಂಡು ದಡ ಸೇರಿದರು. ಕುಬೇರಪ್ಪನವರು ದುರ್ಬೀನು ಹಿಡಿದು, ಕೊನೆಯ ಮನುಷ್ಯ ಹತ್ತಿದನೆಂದು ಖಾತ್ರಿಯಾಗುವ ತನಕ ಗೇಟು ತಡೆದರು. ಆಮೇಲೆ ತಡೆಯುವುದು ಅವರ ಕೈಯಲ್ಲಿರಲಿಲ್ಲ. ನೀರು ಕಟ್ಟೆಯ ಅಂಚಿಗೆ ಬಂದಿತ್ತು.

ಎರಡು ದಿನ ಕಳೆದು ಬಿಡಾರದ ಹಿರಿಯ ಹಾಲಪ್ಪ ಕಚೇರಿಗೆ ಬಂದ. ಹೆಗಲ ಮೇಲಿನ ಕಂಬಳಿ ಇನ್ನೂ ಒದ್ದೆ.

"ಕೂಗಿಸಿದವರು ಯಾರ್ರಿ?"

"ನಾನ," ಎಂದಳು ನೀಲಾಂಬಿಕಾ. ಅವನು ಕೈ ಮುಗಿದ.

"ಮಂದಿ ಎಲ್ಲಾ ಉಳದಿವ್ರಿ ಅವ್ವಾರ. ಒಂದ ಕುದುರಿ ಹೋತು. ಗೂಟಕ್ಕ ಕಟ್ಟಿದ್ದಿವಿ, ಬಿಚ್ಚಾಕ ಆಗಲಿಲ್ಲ. ಒಂದ ಚೂರು ಮೊದಲ ಕೂಗಿಸಿದ್ರ ಅದೂ ಉಳೀತಿತ್ತೇನೋ ಅಂತ ಕೇಳಾಕ ಬಂದೆ. ಸಿಟ್ಟಿಗಲ್ಲ. ತಿಳಕೊಳ್ಳಾಕ."

ನೀಲಾಂಬಿಕಾ ಏನನ್ನೂ ಮುಚ್ಚಿಡಲಿಲ್ಲ. ಮಾಸ್ತರರ ಅಂಕಿ, ನನ್ನ ಕುರುಡು, ಎಲೆ, ಎಲ್ಲ ಹೇಳಿದಳು. ಹಾಲಪ್ಪ ಪರದೆಯ ಹತ್ತಿರ ಬಗ್ಗಿದ.

"ತಿಳೀದಿದ್ರ ತಿಳೀಲಿಲ್ಲ ಅಂತ ಹೇಳಾಕ ಇದಕ್ಕ ಬರಂಗಿಲ್ಲೇನ್ರಿ?"

ಅವನು ಹೋದ ಮೇಲೆ ಕುಬೇರಪ್ಪನವರು, "ಇನ್ನ ಮ್ಯಾಲ ಇಂಗ್ಲಿಷ್ ಅಂಕಿ ಬರೀರಿ ಅಂತ ಮಾಸ್ತರಗ ಹೇಳಿಬಿಡ್ರಿ, ಮುಗೀತು," ಎಂದರು.

"ಅವ್ರು ಬರದದ್ದು ತಪ್ಪಲ್ಲ ಸರ್. ಇದಕ್ಕ ಓದಾಕ ಬರಂಗಿಲ್ಲ. ನಾಳೆ ಇನ್ನೊಬ್ರು ಇನ್ನೇನೋ ಬರೀತಾರ."

ಅಂದು ಮಧ್ಯಾಹ್ನ ಅವಳು ಊಟದ ಡಬ್ಬಿಯನ್ನೂ ಬಿಚ್ಚದೆ ನನ್ನನ್ನು ತಿದ್ದಿದಳು. ಕನ್ನಡದ ಅಂಕಿ ಕಂಡರೆ ಓದುವಂತೆ ಒಂದು ಸಾಲು. ಯಾವ ಅಂಕಿಯೂ ಅಲ್ಲದ್ದು ಸಿಕ್ಕರೆ ಕೂಡಿಸುವುದನ್ನು ನಿಲ್ಲಿಸಿ, ಆ ಊರಿನ ಹೆಸರು ಹೇಳಿ, 'ತಿಳಿಯಲಿಲ್ಲ' ಎನ್ನುವಂತೆ ಎರಡು ಸಾಲು. ಬರೆಯುತ್ತ ಬರೆಯುತ್ತ ಅವಳು ಕಣ್ಣೊರೆಸಿಕೊಂಡಳು. ಕುದುರೆಯನ್ನು ನೆನೆಸಿರಬೇಕು.

ನಾನು ಆಮೇಲೆ ಬೇರೆಯೇ ಆದೆ. ಮೊದಲು ಮೊತ್ತವೊಂದನ್ನು ಹೇಳಿ ಸುಮ್ಮನಾಗುತ್ತಿದ್ದೆ, ಈಗ ಪ್ರಶ್ನೆ ಕೇಳತೊಡಗಿದೆ. ಒಂದು ದಿನ ಒಂದೂರಿನಿಂದ ಅಂಕಿಯ ಜಾಗದಲ್ಲಿ 'ಭಾಳ ಜೋರು ಐತ್ರಿ, ಬಾಗಲ ತೆಗ್ಯಾಕ ಆಗವಲ್ದು' ಎಂದು ಬಂತು. ನಾನು ತಿಳಿಯಲಿಲ್ಲ ಎಂದೆ. ನೀಲಾಂಬಿಕಾ ಓದಿ ನಕ್ಕಳು. ನಗುತ್ತಲೇ ಸೈರನ್ ಕೋಣೆಗೆ ಫೋನ್ ಮಾಡಿದಳು.

ಮುಂದೆ ಅವಳಿಗೆ ವರ್ಗವಾಯಿತು. ಕುಬೇರಪ್ಪನವರು ನಿವೃತ್ತರಾದರು. ನಾನು ಕಂಪ್ಯೂಟರ್ ಆಪರೇಟರ್ ಮೌಲಾಸಾಬ ನದಾಫರ ಕೈ ಸೇರಿದೆ. ಅವರು ನನ್ನನ್ನು ಒಮ್ಮೆಯೂ ಬಿಚ್ಚಿ ನೋಡಿದವರಲ್ಲ. ಆದರೆ ಮುಂಜಾನೆ ಬಂದ ಕೂಡಲೇ, "ಏಳಪ್ಪಾ ಕೂಡಸಪ್ಪಾ, ಇವತ್ತಿಂದೇನು ಹೇಳು," ಎಂದು ಮಾತಾಡಿಸಿ ಓಡಿಸುತ್ತಿದ್ದರು. ಆ ಹೆಸರು ನನಗೆ ಹಿಡಿಸಿತು.

ಕೊನೆಗೆ ಊರೂರಿಗೂ ತಾವೇ ಅಳೆದು ತಾವೇ ಕಳಿಸುವ ಮಾಪಕಗಳು ಬಂದವು. ಜೊತೆಗೆ ಬಣ್ಣಬಣ್ಣದ ನಕ್ಷೆ ತೋರಿಸುವ ದೊಡ್ಡ ತಂತ್ರಾಂಶ. ಅದನ್ನು ಹಾಕಲು ಬಂದ ಹುಡುಗಿ ವಸುಂಧರಾ, ಇನ್ನು ನನ್ನ ಅಗತ್ಯವಿಲ್ಲ ಎಂದಳು. ಮೌಲಾಸಾಬರು ಹೂಂ ಎಂದರು, ಆದರೆ ರೂಢಿ ಬಿಡಲಾಗದೆ ನನ್ನನ್ನೂ ಓಡಿಸುತ್ತಲೇ ಇದ್ದರು. ಒಂದು ವಾರ ಊರೊಂದರ ಮಾಪಕ ಕೆಟ್ಟು, ಅಂಕಿಯ ಬದಲು ಬರೀ ಅಡ್ಡಗೆರೆ ಕಳಿಸಿತು. ದೊಡ್ಡ ತಂತ್ರಾಂಶ ಅಲ್ಲಿ ಮಳೆಯಿಲ್ಲವೆಂದು ಹಳದಿ ಬಣ್ಣ ತುಂಬಿತು. ನಾನು ಊರಿನ ಹೆಸರು ಹೇಳಿ, ತಿಳಿಯಲಿಲ್ಲ ಎಂದೆ.

ಮೌಲಾಸಾಬರು ಎರಡನ್ನೂ ವಸುಂಧರಾಗೆ ತೋರಿಸಿದರು. ಅವಳು ನನ್ನನ್ನು ತೆರೆದು ಮೇಲಿನಿಂದ ಕೆಳಗಿನ ತನಕ ಓದಿದಳು. ಎಷ್ಟೋ ವರ್ಷಗಳ ಮೇಲೆ ಒಬ್ಬರು ನನ್ನನ್ನು ಓದಿದ್ದು.

"ಇದನ್ನ ಯಾರು ಬರದಿದ್ರು?" ಎಂದಳು. 'ತಿಳಿಯಲಿಲ್ಲ' ಎನ್ನುವ ಆ ಎರಡು ಸಾಲಿನ ಕೆಲಸವನ್ನು ತನ್ನ ತಂತ್ರಾಂಶದ ಭಾಷೆಯಲ್ಲಿ ಬರೆದು ಅದರೊಳಗೆ ಸೇರಿಸಿದಳು.

ಈಗ ನನ್ನನ್ನು ಯಾರೂ ಓಡಿಸುವುದಿಲ್ಲ. 'ಹಳೆಯದು' ಎಂಬ ಹೆಸರಿನ ಮೂಲೆಯಲ್ಲಿದ್ದೇನೆ. ಕೂಡಿಸುವ ಕೆಲಸವನ್ನು ನನಗಿಂತ ಬೇಗ ಮಾಡುವವರು ಬಂದಿದ್ದಾರೆ, ಅದಕ್ಕೆ ಬೇಸರವಿಲ್ಲ. ಏಳು ಊರಿನ ಮಳೆ ನನ್ನ ಮೂಲಕ ಹಾದುಹೋಯಿತು, ಒಂದು ಹನಿಯನ್ನೂ ನಾನು ಕಾಣಲಿಲ್ಲ. ಅದು ಹೇಗಿರುತ್ತದೋ ಎಂದು ಈಗಲೂ ಆಸೆಪಡುತ್ತೇನೆ.

ಇಂದು ಮುಂಜಾನೆ ದೊಡ್ಡ ಪರದೆಯ ಮೇಲೆ ಒಂದು ಊರಿನ ಹೆಸರು ಕೆಂಪಾಗಿ ಮಿನುಗಿ, ತಿಳಿಯಲಿಲ್ಲ ಎಂದಿತಂತೆ. ಮೌಲಾಸಾಬರು, "ತಡೀ ಮತ್ತ, ನೋಡಿ ಬರ್ತೀನಿ," ಎಂದು ಛತ್ರಿ ತೆಗೆದುಕೊಂಡು ಹೊರಟರು.