ಅಂಬಾರಾಯನ ಲಾರಿಯ ದಮ್ಮು

ಪುಣೆಯ ಹಡಪಸರದ ಸಮಸ್ತ ನಾಗರಿಕರ ಅವಗಾಹನೆಗೆ ತರುವುದೇನೆಂದರೆ, ೧೯೭೯ರ ಚೈತ್ರಮಾಸದಲ್ಲಿ ಜಟ್ಟೆಪ್ಪನ ಹಳೆಯ ಲಾರಿ ನಿಂತಲ್ಲೇ ಉಸಿರಾಡತೊಡಗಿತು.

ಓಡುವಾಗ ಆಗಾಗ ಸೊರಗುತ್ತಿತ್ತು. ಅದನ್ನು ವಯಸ್ಸಿನ ತಲೆಗೆ ಕಟ್ಟಬಹುದಿತ್ತು. ಆದರೆ ಗೇರು ತೆಗೆದು ನಿಲ್ಲಿಸಿದರೆ ಇಂಜಿನ್ನಿನ ಸದ್ದು ಹೂಂ ಎಂದು ಏರುವುದು, ಇನ್ನೇನು ಪ್ರಾಣ ಹೋಯಿತು ಎನ್ನುವಷ್ಟು ಇಳಿಯುವುದು, ಗಳಿಗೆ ತಡೆದು ಮತ್ತೆ ಎಳೆದುಕೊಳ್ಳುವುದು. ಈ ಉಸಿರನ್ನು ಜಟ್ಟೆಪ್ಪ ಬಲ್ಲ. ಅಣ್ಣ ಅಂಬಾರಾಯ ದಮ್ಮಿನ ಬೇನೆಯಿಂದ ಸಾಯುವಾಗ, ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಕೇಳಿದ್ದು ಇದನ್ನೇ. ಅಣ್ಣ ಹೋದ, ಲಾರಿ ಉಳಿಯಿತು, ದಮ್ಮೂ ಉಳಿಯಿತು. ಏರು ಹತ್ತಲು ಬೇಕಾದ ದಮ್ಮು ಮಾತ್ರ ಇರಲಿಲ್ಲ.

ಸೋಮವಾರ ಲಾರಿಯ ಪಾಸಿಂಗ್, ಅಂದರೆ ಸರ್ಕಾರಿ ತಪಾಸಣೆ. ಪಾಸಾದರೆ ಖಡಿ, ಅಂದರೆ ಜಲ್ಲಿಕಲ್ಲು, ಸಾಗಿಸುವ ಗುತ್ತಿಗೆ. ಇಲ್ಲವಾದರೆ ಕೂಲಿಯಾಗಿ ಅದೇ ಖಡಿಯನ್ನು ಬುಟ್ಟಿಯಲ್ಲಿ ಹೊತ್ತು ಮಾಳಿಗೆ ಹತ್ತಬೇಕು. ಒಟ್ಟಿನಲ್ಲಿ ಖಡಿ ತಪ್ಪಿದ್ದಲ್ಲ.

ಶನಿವಾರ ಮಧ್ಯಾಹ್ನ ಅಕ್ಕಲಕೋಟೆ ಕಡೆಯ ಮಿಸ್ತ್ರಿ ದಿಗಂಬರ ಬಂದ. ದೆವ್ವಗಳನ್ನು ನಂಬದ, ಗಿರಾಕಿಗಳನ್ನು ಅದಕ್ಕಿಂತಲೂ ಕಡಿಮೆ ನಂಬುವ ಮನುಷ್ಯ.

“ಪೈಪಿನ್ಯಾಗ ಗಾಳಿ ಹೊಕ್ಕದ.”

“ನಮ್ಮವ್ವನೂ ಗಾಳೀನೇ ಅಂತಾಳ್ರಿ.”

“ಆ ಗಾಳಿ ಬ್ಯಾರೆ. ಸುಮ್ನ ನಟ್ಟು ಬಿಚ್ಚೋ ಪಾನಾ ಕೊಡು.”

ಪೈಪಿನ ಗಾಳಿ ತೆಗೆದ, ಜೋಡಣೆ ಬಿಗಿದ, ಫಿಲ್ಟರ್ ಬದಲಿಸಿದ. ಇಂಜಿನ್ ಸಾಧುವಿನಂತೆ ಗುನುಗಿತು. ಸೋಲಾಪುರ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದು ನಿಲ್ಲಿಸಿದರೆ, ಮತ್ತೆ ಉಸಿರು. ಹೊರಗೆ ಬೇವಿನ ಎಲೆಯೊಂದೂ ಅಲುಗುತ್ತಿರಲಿಲ್ಲ. ಕ್ಯಾಬಿನ್ನಿನಲ್ಲಿ ನೇತಾಡುವ ಅಣ್ಣನ ಟವೆಲ್ಲು ಮಾತ್ರ ಆ ಏರಿಳಿತಕ್ಕೆ ಸರಿಯಾಗಿ ತೂಗುತ್ತಿತ್ತು. ಮಿಸ್ತ್ರಿ ಅದನ್ನು ನೋಡಿಯೂ ನೋಡದಂತೆ ಮಾಡಿದ.

“ಡೀಸೆಲ್ಲರ ಅದನೋ ಇಲ್ಲೋ,” ಎನ್ನುತ್ತ ಟಾಕಿಯ ಮುಚ್ಚಳ ತಿರುಗಿಸಿದ.

ಹ್ಹಾ… ಎಂದು ಲಾರಿ ದೀರ್ಘವಾಗಿ ಒಳಗೆಳೆದುಕೊಂಡಿತು.

ಜಟ್ಟೆಪ್ಪ ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತಿದ್ದ. ಹೇಗೆ ಹೋದೆನೆಂದು ಅವನಿಗೂ ಗೊತ್ತಿಲ್ಲ. ಇಂಜಿನ್ ಮಾತ್ರ ಮಲಗಿದ ಕೂಸಿನಂತೆ ತಣ್ಣಗಾಯಿತು. ಮುಚ್ಚಳ ಹಾಕಿ ಮತ್ತೊಂದು ಸುತ್ತು ಹೋದರು. ಮತ್ತೆ ಏದುಸಿರು. ತೆಗೆದರೆ ಮತ್ತೆ ಅದೇ ಹ್ಹಾ.

ಮಿಸ್ತ್ರಿ ಮುಚ್ಚಳವನ್ನು ಬಿಸಿಲಿಗೆ ಹಿಡಿದು ಉಗುರಿನಿಂದ ಕೆರೆದ. ಕೆಂಪು ಹಕ್ಕಳೆ ಎದ್ದು ಬಂತು.

“ಏನೋ ಇದು, ಮುಚ್ಚಳಕ್ಕ ಹೋಳಿ ಬಣ್ಣ ಬಡದೀರಿ?”

“ಕುಂಕುಮ ಅದ,” ಬಾಗಿಲಲ್ಲಿ ಕುಳಿತಿದ್ದ ಜಟ್ಟೆಪ್ಪನ ತಾಯಿ ತಿಪ್ಪವ್ವ ಹೇಳಿದಳು. “ಗಾಡಿ ಉಣ್ಣೋ ಬಾಯಿ ಅಲ್ಲೇನು ಅದು? ಹಿರಿಮಗ ಹೋದಾಗಿಂದ ಅಮಾಸಿ ಅಮಾಸಿಗೆ ಹಚ್ಚತೀನಿ. ಈ ಉಸಿರು ಶುರು ಆದಾಗಿಂದ ದಿನಾ ಎಣ್ಣಿ ಕಲಿಸಿ ದಪ್ಪ ಹಚ್ಚೀನಿ. ನಿನ್ನಿನೂ ಹಚ್ಚೀನಿ.”

“ಯವ್ವಾ, ಮುಚ್ಚಳದಾಗ ಸಣ್ಣ ತೂತು ಇರ್ತದ. ಡೀಸೆಲ್ ಇಳದಂಗ ಗಾಳಿ ಒಳಗ ಹೋಗಬೇಕು. ನೀವು ತೂತನ್ನೇ ಬಂದ್ ಮಾಡೀರಿ!”

ಸ್ಟೋವಿನ ಪಿನ್ನು ತರಿಸಿ ಚುಚ್ಚಿದ. ಮೂರು ಸುತ್ತು ಹಾಕಿದರೂ ಲಾರಿಯ ಉಸಿರು ಏರಲಿಲ್ಲ, ಇಳಿಯಲಿಲ್ಲ.

ತಿಪ್ಪವ್ವ ಕೇಳಿದಳು: “ಹಂಗಾದ್ರ ಹತ್ತ ತಿಂಗಳಿಂದ ಹಚ್ಚಿ ಹಚ್ಚಿ ಅವನ ಉಸಿರು ನಾನೇ ಕಟ್ಟಿದ್ನೇನೋ, ಜಟ್ಟ್ಯಾ?”

ಮಿಸ್ತ್ರಿ ಪಿನ್ನನ್ನು ಪ್ಯಾಂಟಿಗೆ ಒರೆಸಿಕೊಂಡ. ಕೆಂಪು ನಿಧಾನವಾಗಿ ಹರಡಿತು.

ಸೋಮವಾರ ಪಾಸಿಂಗ್ ಸಾಹೇಬರು ಬ್ರೇಕು ತುಳಿಸಿದರು, ದೀಪ ಹಚ್ಚಿಸಿದರು, ಬಾನೆಟ್ಟಿಗೆ ಕಿವಿಗೊಟ್ಟು “ಛಾನ್” ಎಂದು ಮೆಚ್ಚಿದರು. ಜಟ್ಟೆಪ್ಪ ಮನಸ್ಸಿನಲ್ಲೇ ಖಡಿ ತುಂಬತೊಡಗಿದ. ಸಾಹೇಬರು ಪೆನ್ನು ತೆಗೆದು ಲಾರಿಯ ಪುಸ್ತಕ ಬಿಡಿಸಿದರು.

“ಅಂಬಾರಾಯ ಕೋಣ?” ಯಾರೆಂದು ಮರಾಠಿಯಲ್ಲಿ ಕೇಳಿದರು.

“ಮಾಝಾ ಭಾವು, ಸಾಹೇಬ.” ತನ್ನ ಅಣ್ಣನೆಂದ ಜಟ್ಟೆಪ್ಪ.

ಮಾಲೀಕ ಅವನೇ, ಅರ್ಜಿಗೆ ಅವನದೇ ಸಹಿ ಬೇಕು, ಕರೆ ಎಂದರು ಸಾಹೇಬರು ಮರಾಠಿಯಲ್ಲಿ. ತೀರಿಕೊಂಡಿದ್ದಾನೆ ಎಂದ ಜಟ್ಟೆಪ್ಪ. ಹಾಗಾದರೆ ಮೊದಲು ವಾರಸುದಾರರ ಹೆಸರಿಗೆ ಮಾಡಿಸಿಕೋ. ಸತ್ತವನ ಗಾಡಿಗೆ ಪಾಸಿಂಗ್ ಇಲ್ಲ.

ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದ. ಸಾಹೇಬರು ಮೂರು ಬೆರಳು ಎತ್ತಿದರು. ದಿನವಲ್ಲ, ತಿಂಗಳು. ಗುತ್ತಿಗೆದಾರ ಕಾಯುವುದು ಸಂಜೆಯ ತನಕ.

ಹಿಂದಿನ ಲಾರಿಯವನು ಹಾರ್ನು ಒತ್ತಿದ. ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿ, ಮಾಲೀಕನ ಸಹಿಯ ಜಾಗ ಖಾಲಿಯಿದ್ದ ಅರ್ಜಿಯನ್ನು ಜಟ್ಟೆಪ್ಪನ ಕೈಗಿತ್ತು, ಲಾರಿ ಮುಂದೆ ತೆಗೆಯುವಂತೆ ಕೈ ಬೀಸಿದರು.

“ಪುಢೇ ಘ್ಯಾ.”