ಕೊಟ್ಟಿಗೆಯಲ್ಲಿ ಬಿದ್ದದ್ದಲ್ಲ

ಸುಗ್ಗಿ ಬಂತೆಂದರೆ ಮುಂಡಗೋಡ ಕಡೆಯ ಹಳ್ಳಿಗಳಲ್ಲಿ ಡಾಂಬರು ರಸ್ತೆ ಅರ್ಧ ಜನರದ್ದು, ಅರ್ಧ ಗೋವಿನಜೋಳದ್ದು. ಜೈರಾಮನೂ ಮನೆ ಮುಂದಿನ ರಸ್ತೆಯಲ್ಲಿ ಕಾಳು ಹರವಿ, ಅಂಚಿಗೆ ಕಲ್ಲು ಇಟ್ಟಿದ್ದ. ಹೆಂಡತಿ ದ್ವಾರಕಾಬಾಯಿ ಕಾಲಿನಿಂದ ಕಾಳು ತಿರುವುತ್ತಿದ್ದಳು. ಆಗ ಅವಳ ತಮ್ಮನ ಮಗ ಅನಿಲ ಹಾಲಿನ ಕ್ಯಾನು ಕಟ್ಟಿಕೊಂಡು ಬ್ಯಾಟರಿ ಸೈಕಲ್ ಮೇಲೆ ಬಂದ. ಸದ್ದೇ ಇಲ್ಲದ ಗಾಡಿ. ಕಲ್ಲು ತಪ್ಪಿಸಲು ಹೋದಾಗ ಅದರ ಹ್ಯಾಂಡಲ್ ಅವಳ ಹೊಟ್ಟೆಗೆ ಬಡಿಯಿತು.

ಬಿದ್ದವಳು ಎದ್ದು ಕೂತಳು. ಮೊಣಕೈ ತರಚಿತ್ತು, ಹೊಟ್ಟೆ ನೋಯುತ್ತಿತ್ತು.

ಆಸ್ಪತ್ರೆಗೆ ಹೋಗುವ ಆಟೋದಲ್ಲೇ ಜೈರಾಮ ಕಥೆ ಕಟ್ಟಿದ. “ಕೊಟ್ಟಿಗ್ಯಾಗ ಜಾರಿ ಬಿದ್ದಿ ಅಂತ ಹೇಳೂಣು. ಖರೆ ಹೇಳಿದ್ರ ಅನಿಲನ ಮ್ಯಾಲೆ ಕೇಸು. ರಸ್ತಾದಾಗ ಕಾಳು ಯಾಕ ಹಾಕೀದಿ ಅಂತ ನನ್ನೂ ಕೇಳ್ತಾರ.”

ದ್ವಾರಕಾಬಾಯಿ ತಲೆಯಾಡಿಸಿದಳು. ಪಾಪ, ತವರಿನ ಹುಡುಗನನ್ನು ಹೇಗೆ ಬಿಟ್ಟುಕೊಟ್ಟಾಳು?

“ಕಾಕಾ, ಹೆಂಗ ಪೆಟ್ಟಾತು?” ಆಸ್ಪತ್ರೆಯಲ್ಲಿ ನರ್ಸ್ ಅಂಬರೀನ ಕೇಳಿದಳು.

“ಕೊಟ್ಟಿಗ್ಯಾಗ ಜಾರಿದ್ಲ್ರಿ.”

“ಹೊಟ್ಟಿಗೆ ಏನರ ಬಡದೈತೇನು?”

“ಏನಿಲ್ರಿ. ಹೆಂಗ ಬಿದ್ರ ಏನ್ರಿ? ನೋವಿಗೆ ಗುಳಿಗಿ ಕೊಡ್ರಿ.”

“ಹಂಗಲ್ಲ ಕಾಕಾ. ಏನು ಬಡೀತು, ಎಲ್ಲಿ ಬಡೀತು ಅಂತ ಗೊತ್ತಾದ್ರ ಒಳಗ ಏನಾಗೈತಿ ಅಂತ ಡಾಕ್ಟರು ಲಗೂನ ಹುಡುಕ್ತಾರ.”

ಅಷ್ಟರಲ್ಲಿ ದ್ವಾರಕಾಬಾಯಿಯ ಹಣೆ ಬೆವರಿತು. “ಕಣ್ಣಿಗೆ ಕತ್ತಲಿ ಬರಾಕತ್ತೈತ್ರಿ,” ಎಂದು ಗಂಡನ ಕೈ ಹಿಡಿದಳು. ಆ ಕೈ ತಣ್ಣಗಿತ್ತು. ಕೇಸೂ ಬೇಡ, ಕಾಳೂ ಬೇಡ, ಇವಳು ಉಳಿದರೆ ಸಾಕು ಎಂದು ಜೈರಾಮನಿಗೆ ಅನ್ನಿಸಿತು.

“ತಪ್ಪಾತ್ರಿ ಸಿಸ್ಟರ್! ಬ್ಯಾಟರಿ ಸೈಕಲ್ ಬಡದೈತ್ರಿ. ಹ್ಯಾಂಡಲ್ ಹೊಟ್ಟಿಗೇ ಬಡೀತು!”

ಡಾಕ್ಟರು ಓಡಿ ಬಂದರು. ಸ್ಕ್ಯಾನ್ ಮಾಡಿದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಅಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಒಯ್ದು ಆಪರೇಷನ್ ಮಾಡಿದರು. ದ್ವಾರಕಾಬಾಯಿ ಉಳಿದಳು.

ಮುಂದೆ ಹೊಲಿಗೆ ತೋರಿಸಲು ಬಂದಾಗ ಜೈರಾಮನೇ ಅಂಬರೀನಳ ಹತ್ತಿರ ಮಾತು ತೆಗೆದ. “ಪೊಲೀಸರು ಬಂದಿದ್ರು ನೋಡ್ರಿ. ಅನಿಲನ್ನೂ ಕೇಳಿದ್ರು, ನನ್ನೂ ಕೇಳಿದ್ರು.”

“ಕೇಳ್ತಾರ ಕಾಕಾ. ರಸ್ತಾದಾಗ ಪೆಟ್ಟಾದ್ರ ಅವರಿಗೆ ತಿಳಸಬೇಕಾಕ್ಕೈತಿ. ಅದಕ್ಕಂತ ಔಷಧ ನಿಲ್ಲಸೂದಿಲ್ಲ.”

“ಕಾಗದದಾಗ ಏನೋ ನಂಬರ್ ಬರದೀರಲ್ಲ, ಅದೇನ್ರಿ?”

“ಯಾತರಿಂದ ಪೆಟ್ಟಾತು ಅಂತ ಲೆಕ್ಕ ಇಡೂ ಕೋಡ್ ಅದು. ಜಾರಿ ಬಿದ್ರ ಒಂದು, ಗಾಡಿ ಬಡದ್ರ ಬ್ಯಾರೆ. ಯಾವ ಗಾಡಿ ಅಂತನೂ ಬರೀತೇವಿ. ಎಲ್ಲಾರೂ ನೀವು ಮೊದಲ ಹೇಳಿದಂಗ ಹೇಳಿದ್ರ, ಲೆಕ್ಕದಾಗ ಊರಾಗಿನ ರಸ್ತಾ ಎಲ್ಲಾ ಚಲೋ ಅದಾವು, ಕೊಟ್ಟಿಗೀನ ಕೆಟ್ಟಾವು ಅಂತಾಕ್ಕೈತಿ!”

ದ್ವಾರಕಾಬಾಯಿ ಹೊಲಿಗೆ ಹಿಡಿದುಕೊಂಡು ನಕ್ಕಳು. ಜೈರಾಮನಿಗೆ ನಗು ಬರಲಿಲ್ಲ. ಇನ್ಯಾವುದೋ ಮನೆಯವರು ಇದೇ ಸುಳ್ಳು ಕಥೆ ಹೇಳುತ್ತ ಕೂತಿರಬಹುದಲ್ಲ ಎಂದು ಅವನಿಗೆ ಸಂಕಟವಾಯಿತು.

ಈಗ ಅವನ ಕಾಳು ಅಂಗಳದ ತಾಡಪತ್ರಿಯ ಮೇಲೆ ಒಣಗುತ್ತದೆ. ಅನಿಲ ದೂರದಿಂದಲೇ ಗಂಟೆ ಬಾರಿಸುತ್ತ ಬರುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಗಾಡಿ ಬಡಿದರೆ ಯಾವ ಗಾಡಿ, ಮೈಯಲ್ಲಿ ಎಲ್ಲಿ ಪೆಟ್ಟಾಯಿತು, ಯಾವ ಜಾಗದಲ್ಲಿ ಆಯಿತು ಎಂಬುದನ್ನು ಆಸ್ಪತ್ರೆಯಲ್ಲಿ ಇದ್ದದ್ದು ಇದ್ದಂತೆ ಹೇಳಿ, ಬರೆಸಿ. ಬ್ಯಾಟರಿ ಸೈಕಲ್ ಆದರೆ ಬ್ಯಾಟರಿ ಸೈಕಲ್ ಎಂದೇ ಹೇಳಿ. ಜೈರಾಮನಿಗೆ ಸುಳ್ಳನ್ನು ತಿದ್ದಿಕೊಳ್ಳುವಷ್ಟು ಹೊತ್ತು ಸಿಕ್ಕಿತು. ಎಲ್ಲರಿಗೂ ಸಿಗುವುದಿಲ್ಲ.